ದೇವರ ಪೈಸೆ

ನಮ್ಮ ಮನೆಯಲ್ಲಿ ಒಂದು ರೂಪಾಯಿಯನ್ನು ಮೂರು ಪಾಲು ಮಾಡುವುದು 1957ರ ಮಾರ್ಚ್ ಮುಗಿಯುವವರೆಗೆ ಕಷ್ಟದ ಕೆಲಸವೇ ಆಗಿರಲಿಲ್ಲ. ಪಾಲಿಗೆ ಐದಾಣೆ ನಾಲ್ಕು ಕಾಸು. ಮೂರೈದಲಿ ಹದಿನೈದಾಣೆ, ಮೂರ್ನಾಲ್ಕಲಿ ಹನ್ನೆರಡು ಕಾಸು, ಹನ್ನೆರಡು ಕಾಸಿಗೆ ಒಂದಾಣೆ. ಅಲ್ಲಿಗೆ ಹದಿನಾರಾಣೆ ಮುಗಿಯಿತು, ಯಾರ ಮುಖವೂ ಸಣ್ಣಗಾಗಲಿಲ್ಲ. ಕಾಸಿನ ನಾಣ್ಯ ಅಷ್ಟು ಹೊತ್ತಿಗಾಗಲೇ ಕೈಯಿಂದ ಕೈಗೆ ಓಡಾಡುವುದನ್ನು ನಿಲ್ಲಿಸಿತ್ತು. ಆದರೂ ತಾತನ ಲೆಕ್ಕದ ಪುಸ್ತಕದಲ್ಲಿ ರೂಪಾಯಿ, ಆಣೆ, ಪೈ ಎಂಬ ಮೂರು ಸಾಲುಗಳ ಕೊನೆಯದರಲ್ಲಿ ಅದು ಗಟ್ಟಿಯಾಗಿ ಕೂತಿತ್ತು. ಈ ವಾರ ಸಲ್ಲದ ಕಾಸು ಮುಂದಿನ ವಾರದ ಕಾಸಿನ ಜೊತೆ ಸೇರಿ ಆಣೆಯಾಗುತ್ತಿತ್ತು.

ನಮ್ಮದು ತಿಪಟೂರು ಸೀಮೆ. ತಾತ, ಅವರ ಅಣ್ಣ, ಅವರ ತಮ್ಮ, ಮೂವರ ಒಲೆ ಬೇರೆಯಾಗಿ ಎಷ್ಟೋ ವರ್ಷವಾಗಿದ್ದರೂ ತೆಂಗಿನ ತೋಟ ಮಾತ್ರ ಒಂದೇ ಆಗಿತ್ತು. ಕಾಯನ್ನು ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗೆ ಕೊಬ್ಬರಿ ಒಣಗಿ ಗಡಗಡ ಅಲ್ಲಾಡುವ ಹೊತ್ತಿಗೆ ಇಳಿಸಿ ಸುಲಿದು ಮಂಡಿಗೆ ಹಾಕಿದಾಗ ಬರುವ ದುಡ್ಡು ದೊಡ್ಡದು. ಅದರಲ್ಲಿ ಕಾಸಿನ ಮಾತು ಬರುತ್ತಿರಲಿಲ್ಲ. ಕಾಸಿನ ಮಾತು ಬರುತ್ತಿದ್ದದ್ದು ಚಿಲ್ಲರೆ ಬಾಬ್ತಿನಲ್ಲಿ: ಮಟ್ಟೆ, ಚಿಪ್ಪು, ಗರಿ, ಬದುವಿನ ಮೇಲಿನ ಹುಣಸೆಹಣ್ಣು. ವಾರಕ್ಕೊಂದು ರಾತ್ರಿ ಜಗಲಿಯ ಮೇಲೆ ಲಾಂದ್ರ ಇಟ್ಟುಕೊಂಡು ಮೂವರೂ ಕೂತು ಆ ಚಿಲ್ಲರೆ ಹಂಚಿಕೊಳ್ಳುತ್ತಿದ್ದರು. ನನಗೆ ಎಂಟು ವರ್ಷ. ನಾಣ್ಯಗಳನ್ನು ಗುಪ್ಪೆ ಮಾಡಿ ಕೊಡುವುದು ನನ್ನ ಕೆಲಸ.

ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯೇ ಪೈಸೆ ಎಂದಾಯಿತು. ಆಣೆಯನ್ನು ಪೈಸೆಗೆ ಬದಲಾಯಿಸುವ ಪಟ್ಟಿಯನ್ನು ಮನೆಗೊಬ್ಬರು ಬಾಯಿಪಾಠ ಮಾಡಬೇಕಾಯಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಮೂರನೆಯ ಆಣೆಗೆ ಮಾತ್ರ ಏಳು ಪೈಸೆ ಯಾಕೆ ಎಂದು ದೊಡ್ಡ ತಾತ ಕೇಳಿದರು. ಆಣೆಯ ನಿಜವಾದ ಬೆಲೆ ಆರೂಕಾಲು ಪೈಸೆ, ಕಾಲುಕಾಲು ಸೇರಿ ಎಲ್ಲೋ ಒಂದು ಕಡೆ ಮೈ ತೋರಿಸಲೇಬೇಕು ಎಂದು ವಿವರಿಸುವಷ್ಟು ಬುದ್ಧಿ ನನಗಿರಲಿಲ್ಲ.

ಹೊಸ ದುಡ್ಡಿನಲ್ಲಿ ಮೊದಲ ಸಲ ಒಂದು ರೂಪಾಯಿ ಹಂಚಿದ ರಾತ್ರಿ ಚೆನ್ನಾಗಿ ನೆನಪಿದೆ. 33, 33, 33. ಚಾಪೆಯ ಮೇಲೆ ಉಗುರಿನಷ್ಟಗಲದ ಒಂದು ಕೆಂಪು ಬಿಲ್ಲೆ ಉಳಿಯಿತು.

"ಇದ್ಯಾರ್ದು?" ಎಂದರು ತಾತ.

"ನೀನೇ ಇಟ್ಕಳಣ್ಣ," ಎಂದರು ಚಿಕ್ಕ ತಾತ.

"ನಂಗ್ಯಾಕ್ಲಾ? ಮೂರೂ ಜನಕ್ ಸೇರಿದ್ದು ಅಂದ್ಮೇಲೆ ಒಬ್ರು ಮುಟ್ಟಂಗಿಲ್ಲ. ದೇವ್ರ ಡಬ್ಬಿಗಾಕು."

ದೇವರ ಡಬ್ಬಿ ಎಂದರೆ ಹಳೆಯ ಬಿಸ್ಕತ್ತಿನ ಡಬ್ಬಿ. ಮುಚ್ಚಳದಲ್ಲಿ ಉಳಿಯಿಂದ ಸೀಳಿದ ಒಂದು ಕಂಡಿ. ಆವತ್ತಿನಿಂದ ಹಂಚಿ ಉಳಿದದ್ದೆಲ್ಲ ಅದಕ್ಕೆ. ಒಂದು ಪೈಸೆಯೋ ಎರಡೋ, ಲೆಕ್ಕ ಬಂದ ಹಾಗೆ. ನಮ್ಮ ಪಕ್ಕದ ಮನೆಯವರು ಐದು ಜನ ಅಣ್ಣತಮ್ಮಂದಿರು. ಅವರಿಗೆ ಹೊಸ ದುಡ್ಡು ಬಹಳ ಹಿಡಿಸಿತ್ತು. ಹಳೆಯ ರೂಪಾಯಿಯ 192 ಕಾಸನ್ನು ಐದು ಪಾಲು ಮಾಡಿದರೆ ಪಾಲಿಗೆ 38 ಬಂದು ಎರಡು ಕಾಸು ಉಳಿದು ಪ್ರತಿಸಲ ಕಿತ್ತಾಟ. ಈಗ ತಲೆಗೆ ಇಪ್ಪತ್ತು ಪೈಸೆ, ಬಿಡಿ ಮಾತಿಲ್ಲ. ಸರ್ಕಾರ ಒಳ್ಳೆ ಕೆಲಸ ಮಾಡಿತು ಎಂದು ಅವರು, ಹಾಳು ಮಾಡಿತು ಎಂದು ನಮ್ಮವರು. ಒಂದೇ ರೂಪಾಯಿ. ಕತ್ತರಿಸುವ ಅಳತೆ ಬದಲಾದದ್ದಷ್ಟೇ. ಈ ಮಾತಿನ ತೂಕ ನನಗೆ ತಿಳಿದದ್ದು ಮೂವತ್ತು ವರ್ಷ ಕಳೆದ ಮೇಲೆ.

ಒಂದು ಸಲ ತಾತನನ್ನು ಕೇಳಿದ್ದೆ: "ಆ ಪೈಸೇನೂ ಮೂರು ಚೂರು ಮಾಡಿದ್ರೆ ತಾತ?"

"ಹೆಂಗ್ ಮಾಡ್ತೀಯ? ಹತ್ತು ಚೂರು ಮಾಡ್ಕಂಡು ಮೂರ್ಮೂರು ಹಂಚು. ಒಂದು ಉಳೀತದೆ. ಅದ್ನ ಹತ್ತು ಮಾಡು, ಆಗ್ಲೂ ಒಂದು ಉಳೀತದೆ. ಕಡೇ ಚೂರು ಯಾವಾಗ್ಲೂ ದೇವ್ರದ್ದೇ ಕಣ್ಲಾ."

ತಾತ ಓದಿದ್ದು ಕೂಲಿಮಠದಲ್ಲಿ, ಮಗ್ಗಿ ಮತ್ತು ಕಾಲು ಅರೆ ಮುಕ್ಕಾಲಿನ ಲೆಕ್ಕದವರೆಗೆ. ಆದರೆ ಆವರ್ತ ದಶಮಾಂಶ ಎಂದರೆ ಏನೆಂಬುದನ್ನು ಅವರಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ಮತ್ತೆ ನೋಡಿಲ್ಲ. ಮೂರರಿಂದ ಒಂದನ್ನು ಭಾಗಿಸುವಾಗ ಪ್ರತಿ ಹೆಜ್ಜೆಯಲ್ಲೂ ಶೇಷ ಒಂದೇ ಬರುವುದರಿಂದ ಭಾಗಲಬ್ಧದಲ್ಲೂ ಮೂರೇ ಮತ್ತೆ ಮತ್ತೆ ಬರುತ್ತದೆ. ಅಷ್ಟೇ ಅದರ ಗುಟ್ಟು.

ಆರು ವರ್ಷದ ನಂತರ, ಹೈಸ್ಕೂಲಿನಲ್ಲಿ, ಇದೇ ಮಾತಿಗೆ ನಾನು ಎದ್ದು ನಿಲ್ಲಬೇಕಾಯಿತು. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ 1 ಭಾಗಿಸು 3 ಬರೆದು, ಸೊನ್ನೆ ಇಳಿಸಿ ಇಳಿಸಿ, 0.333 ಎಂದು ಬರೆದು ಮುಂದೆ ಮೂರು ಚುಕ್ಕಿ ಇಟ್ಟರು. "ಈಗ ಎರಡೂ ಕಡೆ ಮೂರರಿಂದ ಗುಣಿಸಿ. ಎಡಗಡೆ ಒಂದು. ಬಲಗಡೆ?" ನಾವೆಲ್ಲ ಒಟ್ಟಿಗೆ, "ಸೊನ್ನೆ ಬಿಂದು ಒಂಬತ್ತು ಒಂಬತ್ತು ಒಂಬತ್ತು" ಎಂದು ರಾಗ ಎಳೆದೆವು. ಮೇಷ್ಟ್ರು ಎರಡರ ನಡುವೆ ಸಮ ಚಿಹ್ನೆ ಹಾಕಿದರು.

ನಾನು ಎದ್ದೆ. "ಸಮ ಅಲ್ಲ ಸಾ. ದೇವ್ರ ಪೈಸೆ ಬಿಟ್ಟೋಯ್ತು."

ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಯಾವ ಪೈಸೆ, ಏನು ಕತೆ ಎಂದು ಕೇಳಿ ತಿಳಿದುಕೊಂಡು, ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. "ಸರಿ, ಒಂದಕ್ಕೂ ಇದಕ್ಕೂ ಎಷ್ಟು ಕಮ್ಮಿ ಬಿತ್ತು ಬರಿ."

ನಾನು 0.000 ಎಂದು ಬರೆದು, ಒಂದಿಷ್ಟು ಚುಕ್ಕಿ ಇಟ್ಟು, ತುದಿಯಲ್ಲಿ 1 ಬರೆದೆ. ನನ್ನ ಪ್ರಕಾರ ಅದು ಅಚ್ಚುಕಟ್ಟಾಗಿತ್ತು.

"ಆ ಒಂದು ಎಷ್ಟನೇ ಮನೇಲಿದೆ?"

"ಕೊನೇ ಮನೇಲಿ ಸಾ."

"ಈ ಬೀದಿಗೆ ಕೊನೆ ಇಲ್ಲ ಅಂತ ಈಗ ತಾನೆ ನೀನೇ ಚುಕ್ಕಿ ಇಟ್ಟೆ. ಕೊನೇ ಮನೆ ಎಲ್ಲಿಂದ ತಂದೆ?"

ನನಗೆ ಬೆವರು. ಅವರು ಬಿಡಲಿಲ್ಲ. "ಹೋಗಲಿ, ನಿನ್ನ ದೇವರ ಪೈಸೆ ಎಷ್ಟು ಸಣ್ಣದು ಅಂತ ಒಂದು ಅಂಕಿ ಹೇಳು. ಲಕ್ಷದಲ್ಲಿ ಒಂದು ಪಾಲು ಅಂತೀಯಾ? ನಾನು ಆರು ಒಂಬತ್ತು ಬರೆದರೆ ಕಮ್ಮಿ ಬೀಳೋದು ಹತ್ತು ಲಕ್ಷದಲ್ಲಿ ಒಂದು. ಅಲ್ಲಿಗೇ ನಿನ್ನ ಪೈಸೆಗಿಂತ ಸಣ್ಣದಾಯಿತು, ಇನ್ನೂ ಒಂಬತ್ತುಗಳು ಬಾಕಿ ಇವೆ. ಕೋಟಿಯಲ್ಲಿ ಒಂದು ಅಂತೀಯಾ? ಎಂಟು ಒಂಬತ್ತು ಬರೀತೀನಿ. ನೀನು ಯಾವ ಅಂಕಿ ಹೇಳಿದರೂ ಉಳಿಕೆ ಅದಕ್ಕಿಂತ ಕಮ್ಮಿ. ಸೊನ್ನೆಗಿಂತ ದೊಡ್ಡದಾದ ಎಲ್ಲ ಅಂಕಿಗಿಂತಲೂ ಸಣ್ಣದು, ಸೊನ್ನೆಗಿಂತ ಕೆಳಗೂ ಇಲ್ಲ. ಅಂಥದ್ದಕ್ಕೆ ಏನು ಹೆಸರು?"

ಸೊನ್ನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಜಗಲಿಯ ಚಾಪೆಯ ಮೇಲೆ ಆ ಕೆಂಪು ಬಿಲ್ಲೆಯನ್ನು ಎಷ್ಟೋ ರಾತ್ರಿ ಕಂಡವನು ನಾನು. ಮುಖ ನೋಡಿಯೇ ಅವರಿಗೆ ತಿಳಿಯಿತು. "ಬಾಯಲ್ಲಿ ಒಪ್ಕೋಬೇಡ, ಕೂತ್ಕೊ. ಮನೆಗೆ ಹೋಗಿ ಒಂದನ್ನ ಏಳರಿಂದ ಭಾಗಿಸ್ಕೊಂಡು ಬಾ," ಎಂದರು.

ಭಾಗಿಸಿದೆ. 142857 ಬಂದು, ಮತ್ತೆ 142857 ಬಂದು, ಅದೇ ತಿರುಗಿತು. ಶೇಷಗಳು 3, 2, 6, 4, 5, 1 ಎಂದು ಒಂದು ಸುತ್ತು ಹಾಕಿ ಮನೆಗೆ ಬಂದವು. ಏಳರಿಂದ ಭಾಗಿಸುವಾಗ ಸೊನ್ನೆ ಬಿಟ್ಟರೆ ಆರೇ ಶೇಷ ಸಾಧ್ಯ. ಹಾಗಾಗಿ ಏಳನೆಯ ಹೆಜ್ಜೆಯೊಳಗೆ ಹಳೆಯದೊಂದು ಮರಳಿ ಬರಲೇಬೇಕು, ಬಂದ ಮೇಲೆ ತಿರುಗಣಿ ಶುರು. ಕುತೂಹಲಕ್ಕೆ 142857ನ್ನು ಏಳರಿಂದ ಗುಣಿಸಿದೆ. 999999. ಹನ್ನೊಂದನ್ನು ಹಿಡಿದರೆ 0.090909…, ಅದನ್ನು ಹನ್ನೊಂದರಿಂದ ಗುಣಿಸಿದರೆ ಮತ್ತೆ ಒಂಬತ್ತುಗಳ ಸಾಲು. ಅಂದರೆ ನಮ್ಮ ಮನೆಯ ಮೂರು ಪಾಲಿನಲ್ಲಿ ಏನೋ ದೋಷವಿತ್ತೆಂದಲ್ಲ. ಏಳು ಜನ ಅಣ್ಣತಮ್ಮಂದಿರಿದ್ದರೂ, ಹನ್ನೊಂದು ಜನರಿದ್ದರೂ ಇದೇ ಕತೆ. ಇದು ಗೊತ್ತಾಗಿ ಯಾಕೋ ಸ್ವಲ್ಪ ಸಮಾಧಾನವಾಯಿತು. ಒಪ್ಪಿಗೆ ಮಾತ್ರ ಆಗಲಿಲ್ಲ.

ಒಪ್ಪಿಸಿದ್ದು, ಅಥವಾ ಒಪ್ಪಿಸಿದಂತೆ ಮಾಡಿದ್ದು, ಕಾಲೇಜಿನ ಮೂರು ಸಾಲು. x ಎಂದರೆ 0.999…, 10x ಎಂದರೆ 9.999…, ಕಳೆದರೆ 9x ಸಮ 9, x ಸಮ 1. ಗಾರುಡಿಗ ಟೋಪಿಯಿಂದ ಪಾರಿವಾಳ ತೆಗೆದ ಹಾಗೆ. ಆರು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಅನುಮಾನ ಹತ್ತು ಸೆಕೆಂಡಿನಲ್ಲಿ ಹೋಯಿತು. ಮುಂದೆ ನಾನೇ ಮೇಷ್ಟರಾದಾಗ, 1973ರಿಂದ, ಪ್ರತಿವರ್ಷ ಅದೇ ಪಾರಿವಾಳವನ್ನು ಹಾರಿಸುತ್ತಿದ್ದೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ನನಗೂ ಅದು ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

1985ರಲ್ಲಿ ಎರಡನೇ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. ಹೆಚ್ಚು ಮಾತಾಡುವವಳಲ್ಲ.

"ಸಾರ್, ಹತ್ತರಿಂದ ಗುಣಿಸಿದಾಗ ಒಂಬತ್ತುಗಳೆಲ್ಲ ಒಂದೊಂದು ಮನೆ ಎಡಗಡೆಗೆ ಸರಿದವಲ್ಲ. ಹಂಗಾದ್ರೆ ಬಲಗಡೆ ಒಂದು ಮನೆ ಖಾಲಿ ಬೀಳಲ್ವಾ? ಅಲ್ಲಿ ಸೊನ್ನೆ ಬಂದ್ರೆ ಕಳೆಯೋವಾಗ ಪೂರ್ತಿ ಹೋಗಲ್ಲ ಅಲ್ವಾ ಸಾರ್?"

ನನ್ನ ಮೇಷ್ಟ್ರು ನನಗೆ ಕೊಟ್ಟ ಉತ್ತರವನ್ನೇ ಕೊಡಬಹುದಿತ್ತು: ಕೊನೇ ಮನೆಯೇ ಇಲ್ಲದ ಬೀದಿಯಲ್ಲಿ ಯಾವ ಮನೆ ಖಾಲಿ ಬೀಳುತ್ತದಮ್ಮ, ಎಂದು. ಸೀಮೆಸುಣ್ಣವನ್ನು ಅವಳ ಕೈಗೆ ಕೊಡಬಹುದಿತ್ತು. ಪಾಠಗಳು ಹಿಂದೆ ಬಿದ್ದಿದ್ದವು, ಮಧ್ಯಾಹ್ನದ ಸೆಕೆ, ಬೇರೆ ಏನೇನೋ. "ಇದೆಲ್ಲ ಪರೀಕ್ಷೆಗೆ ಬರಲ್ಲಮ್ಮ. ಮೂರು ಸಾಲು ಬರ್ಕೊ, ಸಾಕು," ಎಂದೆ. ಅವಳು ಕೂತಳು. ಮೂರು ಸಾಲು ಬರೆದುಕೊಂಡಳು. ಆ ವರ್ಷವಿಡೀ ಮತ್ತೆ ಕೈ ಎತ್ತಲಿಲ್ಲ. ಈಗ ಅವಳಿಗೆ ಐವತ್ತು ದಾಟಿರಬೇಕು. ಎಲ್ಲಿದ್ದಾಳೋ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಅದೇ ವಿದ್ಯೆಯನ್ನು ಬೇರೆ ಕಡೆ ಪ್ರಯೋಗಿಸಿದೆ. x ಎಂದರೆ 1 + 2 + 4 + 8 + … ಎಂದುಕೊಂಡೆ. ಎರಡರಿಂದ ಗುಣಿಸಿದರೆ 2 + 4 + 8 + …, ಅಂದರೆ ಮೊದಲಿನದರಲ್ಲಿ ಒಂದು ಕಮ್ಮಿ. ಆದ್ದರಿಂದ 2x ಸಮ x – 1. ಆದ್ದರಿಂದ x ಸಮ –1. ಒಂದಕ್ಕಿಂತ ಒಂದು ದೊಡ್ಡದಾದ ಸಂಖ್ಯೆಗಳನ್ನು ಕೂಡಿಸುತ್ತಾ ಹೋದರೆ ಸಾಲ ಬರುತ್ತದಂತೆ! ಹೆಜ್ಜೆಗಳು ಅವೇ, ಗುಣಿಸುವುದು, ಸರಿಸುವುದು, ಕಳೆಯುವುದು. ಇಲ್ಲಿ ಶುದ್ಧ ಅಸಂಬದ್ಧ. ಹನ್ನೆರಡು ವರ್ಷ ನಾನು ಮಕ್ಕಳಿಗೆ ಕೊಟ್ಟದ್ದು ಉತ್ತರ ಸರಿಯಿದ್ದ, ಆದರೆ ಕಾರಣ ಅರ್ಧವೇ ಇದ್ದ ಲೆಕ್ಕ. ಆ ಮೂರು ಸಾಲು ಸಲ್ಲಬೇಕಾದರೆ 0.999… ಎಂಬುದು ಒಂದು ಸಂಖ್ಯೆ, ಅದನ್ನು ಗುಣಿಸಬಹುದು, ಕಳೆಯಬಹುದು ಎಂದು ಮೊದಲೇ ಗೊತ್ತಿರಬೇಕು. ಹುಡುಗಿ ಬೆರಳಿಟ್ಟದ್ದು ಸರಿಯಾಗಿ ಆ ಬಿರುಕಿನ ಮೇಲೆಯೇ.

ಅದೇ ಸುಮಾರಿಗೆ ನಮ್ಮ ಹೆಡ್‌ಮೇಷ್ಟ್ರು ಸಂಬಳದ ಬಿಲ್ಲಿಗೆಂದು ಎಂಟು ಅಂಕಿಯ ಕ್ಯಾಲ್ಕುಲೇಟರ್ ತಂದಿದ್ದರು. ಒಂದನ್ನು ಮೂರರಿಂದ ಭಾಗಿಸಿ, ಹಾಗೇ ಮೂರರಿಂದ ಗುಣಿಸಿ ತೋರಿಸಿದೆ. 0.9999999 ಎಂದಿತು. "ಇದು ಕೆಟ್ಟಿದೆ, ವಾಪಸ್ ಕೊಡಬೇಕು," ಎಂದರು ಅವರು ಗಾಬರಿಯಿಂದ. ಕೆಟ್ಟಿರಲಿಲ್ಲ. ಅದರ ಬೀದಿಯಲ್ಲಿ ಇದ್ದದ್ದು ಬಿಂದುವಿನಾಚೆ ಏಳೇ ಮನೆ. ಏಳನೆಯ ಮನೆಯ ಮುಂದೆ ದೇವರ ಪೈಸೆ ಬಿದ್ದಿತ್ತು, ನಿಜವಾಗಿಯೂ, ಕೋಟಿಯಲ್ಲಿ ಒಂದು ಪಾಲು.

ಮುಂದೆ ಮೈಸೂರಿನಲ್ಲಿ ನಡೆದ ಒಂದು ಶಿಕ್ಷಕರ ತರಬೇತಿಯಲ್ಲಿ ಡೇವಿಡ್ ಟಾಲ್ ಮತ್ತು ಶ್ವಾರ್ಜನ್‌ಬರ್ಗರ್ ಎಂಬ ಇಬ್ಬರು 1978ರಲ್ಲಿ ಬರೆದ ಲೇಖನದ ಮಾತು ಬಂತು. ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಗಣಿತ ಓದಲು ಬಂದ ಮೊದಲ ವರ್ಷದ ಹುಡುಗರನ್ನು ಅವರು ಇದೇ ಪ್ರಶ್ನೆ ಕೇಳಿದ್ದರು: 0.999… ಒಂದಕ್ಕೆ ಸಮವೋ, ಒಂದಕ್ಕಿಂತ ಚೂರು ಕಮ್ಮಿಯೋ? ಹೆಚ್ಚಿನವರು ಕಮ್ಮಿ ಎಂದಿದ್ದರು. ತೆಂಗಿನ ತೋಟವನ್ನೇ ಕಾಣದ ಹುಡುಗರು! ಅವರ ತಲೆಯೊಳಗೂ ಒಂದು ಡಬ್ಬಿ ಇತ್ತೆಂದು ತಿಳಿದಾಗ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು.

ಆಗ ಬಹಳ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ನಮ್ಮನ್ನು ದಾರಿ ತಪ್ಪಿಸುವುದು ಅಂಕಿಯಲ್ಲ, ಕ್ರಿಯಾಪದ. ಪಾಠ ಹೇಳುವಾಗ ನಾವು ಏನೆನ್ನುತ್ತೇವೆ? "ಹೀಗೇ ಬರೆಯುತ್ತಾ ಹೋಗಿ", "ಒಂಬತ್ತು ಬರುತ್ತಲೇ ಇರುತ್ತದೆ", "ಒಂದರ ಹತ್ತಿರ ಹತ್ತಿರ ಹೋಗುತ್ತದೆ". ಹೋಗುತ್ತಾ ಇರುವುದು ಇನ್ನೂ ಮುಟ್ಟಿಲ್ಲ ಎಂದೇ ಕೇಳುವವನ ಮನಸ್ಸು ತಿಳಿಯುತ್ತದೆ. ಯಾರೋ ನಡೆಯುತ್ತಿದ್ದಾನೆ, ಊರು ಕಾಣುತ್ತಿದೆ, ತಲುಪುತ್ತಿಲ್ಲ. ಆದರೆ 0.999… ಎಂಬುದು ನಡೆಯುವವನಲ್ಲ. 0.9, 0.99, 0.999 ಇವು ಅವನ ಹೆಜ್ಜೆಗಳು. ಅವುಗಳಲ್ಲಿ ಯಾವುದೂ ಒಂದಲ್ಲ, ಅದು ಸತ್ಯ, ತಾತನೂ ಸರಿ. ಚುಕ್ಕಿ ಇಟ್ಟು ಬರೆದ 0.999… ಎಂಬುದು ಆ ಹೆಜ್ಜೆಗಳೆಲ್ಲ ಯಾವ ಊರಿನ ಕಡೆಗೋ ಆ ಊರಿನ ಹೆಸರು. ಫ್ರಾನ್ಸಿನ ಕೋಶಿ 1821ರ ತನ್ನ ಪುಸ್ತಕದಲ್ಲಿ ಮಿತಿ ಎಂಬ ಕಲ್ಪನೆಯ ಮೇಲೆ ಇಡೀ ಕಟ್ಟಡ ಕಟ್ಟಲು ಹೊರಟಾಗ ಗಟ್ಟಿ ಮಾಡಿದ್ದು ಈ ಜಾಗವನ್ನೇ. ಊರು ಒಂದೇ, ಹೆಸರು ಎರಡು. ಅದೇನು ವಿಶೇಷವೂ ಅಲ್ಲ: 0.5ಕ್ಕೆ 0.4999… ಎಂಬ ಇನ್ನೊಂದು ಹೆಸರಿದೆ, 2.75ಕ್ಕೆ 2.74999… ಇದೆ. ಕೊನೆಗೊಳ್ಳುವ ದಶಮಾಂಶಗಳಿಗೆಲ್ಲ, ಸೊನ್ನೆಯೊಂದನ್ನು ಬಿಟ್ಟು, ಹೀಗೊಂದು ಅಡ್ಡಹೆಸರು. ಹತ್ತರ ಬದಲು ಹನ್ನೆರಡರಲ್ಲಿ ಎಣಿಸುವ ಜನ ಇದ್ದಿದ್ದರೆ ಮೂರನೇ ಒಂದು ಪಾಲು ಅವರಿಗೆ ಬಿಂದುವಿನಾಚೆ ಒಂದೇ ಅಂಕಿ, ನಾಲ್ಕು, ಅಲ್ಲಿಗೆ ಮುಗಿಯಿತು. ನಮ್ಮ ಹಳೆಯ ಆಣೆಯ ಹನ್ನೆರಡು ಕಾಸಿನಲ್ಲಿ ನಾಲ್ಕು ಬಂದ ಹಾಗೆ. ಐದನೇ ಒಂದು ಪಾಲು ಮಾತ್ರ ಅವರನ್ನು ಗೋಳು ಹುಯ್ದುಕೊಳ್ಳುತ್ತಿತ್ತು, ಪಕ್ಕದ ಮನೆಯವರನ್ನು ಹುಯ್ದುಕೊಂಡ ಹಾಗೆ.

ಇದನ್ನು ತಿಳಿದ ಮೇಲೂ ಡಬ್ಬಿಯೊಳಗಿನ ಪೈಸೆ ಏನಾಯಿತು ಎಂಬ ಕಚಗುಳಿ ಉಳಿದೇ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ನಿವೃತ್ತಿಯ ನಂತರ, ನಾನು ಹುಡುಕದ ಜಾಗದಲ್ಲಿ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹವನ್ನು ಹೊತ್ತು ಕಳೆಯಲೆಂದು ತಿರುವುತ್ತಿದ್ದೆ. ಭಿನ್ನರಾಶಿಗಳ ಭಾಗದಲ್ಲಿ ಒಂದು ಸೂತ್ರವಿದೆ. ಒಂದನ್ನು ಬೇಕಾದಷ್ಟು ಪಾಲು ಮಾಡು, ಪ್ರತಿ ಪಾಲಿನ ಅಂಶವೂ ಒಂದೇ ಆಗಿರಲಿ ಎಂಬ ಸಮಸ್ಯೆ. ಆತ ಹೇಳುವ ದಾರಿ: ಮೊದಲ ಪಾಲು ಅರ್ಧ, ಆಮೇಲೆ ಮೂರನೇ ಒಂದು, ಒಂಬತ್ತನೇ ಒಂದು, ಹೀಗೆ ಮೂರು ಮೂರು ಪಟ್ಟು ಛೇದ ಹೆಚ್ಚಿಸುತ್ತಾ ಬಾ, ಕೊನೆಯವನ ಛೇದವನ್ನು ಮಾತ್ರ ಮೂರನೇ ಎರಡರಿಂದ ಗುಣಿಸು. ನಾಲ್ಕು ಜನರಿಗಾದರೆ 1/2, 1/3, 1/9, ಕೊನೆಯವನಿಗೆ 1/27ರ ಬದಲು 1/18. ಹದಿನೆಂಟರಲ್ಲಿ ಒಂಬತ್ತು, ಆರು, ಎರಡು, ಒಂದು. ಕೂಡಿಸಿ ನೋಡಿ, ಹದಿನೆಂಟು. ದಮ್ಮಡಿ ಉಳಿಯುವುದಿಲ್ಲ.

ಕೊನೆಯವನಿಗೆ ಯಾಕೆ ಆ ಹೆಚ್ಚುವರಿ? ಪೆನ್ಸಿಲು ತೆಗೆದುಕೊಂಡೆ. ಅವನು ಬರದೆ, ಸಾಲು 1/27, 1/81, 1/243 ಎಂದು ನಿಲ್ಲದೆ ಮುಂದುವರಿದಿದ್ದರೆ ಆ ಇಡೀ ಬಾಲದ ಮೊತ್ತ ಎಷ್ಟು? ಗುಣೋತ್ತರ ಶ್ರೇಢಿಯ ಲೆಕ್ಕ ಮಾಡಿದೆ. ಸರಿಯಾಗಿ 1/18. ಮಹಾವೀರಾಚಾರ್ಯ ಅನಂತದ ಮಾತೇ ಎತ್ತುವುದಿಲ್ಲ. ಎಲ್ಲಿ ಬೇಕೋ ಅಲ್ಲಿ ಗೆರೆ ಎಳೆದು, ಆಚೆಗೆ ಎಷ್ಟು ಉಳಿಯಿತೋ ಅಷ್ಟನ್ನೂ ಕೊನೆಯವನ ಮಡಿಲಿಗೆ ಹಾಕುತ್ತಾನೆ. ಡಬ್ಬಿ ಇಡುವುದಿಲ್ಲ! ನೀವು ಎಲ್ಲೋ ಒಂದು ಕಡೆ ನಿಂತರೆ ಉಳಿಕೆ ಇದೆ, ಅದನ್ನು ಯಾರಿಗಾದರೂ ಕೊಡಲೇಬೇಕು. ನಿಲ್ಲದೇ ಹೋದರೆ ಆ ಉಳಿಕೆಯೇ ಮುಂದಿನ ಪಾಲುಗಳಾಗಿ ಹಂಚಿಹೋಗಿರುತ್ತದೆ; ಕೊಡಲು ಉಳಿದಿರುವುದಿಲ್ಲ. ದೇವರ ಪೈಸೆ ಎಲ್ಲೂ ಬಿಟ್ಟುಹೋಗಿರಲಿಲ್ಲ. ಅದೇ ಒಂಬತ್ತುಗಳಾಗಿತ್ತು.

ಆಚೆ ಕೇರಳದಲ್ಲಿ ನೀಲಕಂಠ ಸೋಮಯಾಜಿಗೂ ಇದೇ ಕಚಗುಳಿ ಇದ್ದಿರಬೇಕು. ತನ್ನ ಆರ್ಯಭಟೀಯ ಭಾಷ್ಯದಲ್ಲಿ ನಾಲ್ಕನೇ ಒಂದು, ಅದರ ನಾಲ್ಕನೇ ಒಂದು, ಮತ್ತೆ ಅದರ ನಾಲ್ಕನೇ ಒಂದು ಎಂದು ಕೂಡಿಸಿದರೆ ಮೂರನೇ ಒಂದು ಬರುತ್ತದೆ ಎಂದು ಹೇಳಿ, ಅಷ್ಟಕ್ಕೇ ಬಿಡದೆ, ಅದು ಅಲ್ಲಿಯವರೆಗೇ ಬೆಳೆಯುತ್ತದೆ, ಅಲ್ಲಿಯವರೆಗೆ ಬೆಳೆದೇ ತೀರುತ್ತದೆ ಎಂದು ಹೇಗೆ ಗೊತ್ತು ಎಂದು ತಾನೇ ಕೇಳಿಕೊಳ್ಳುತ್ತಾನೆ. 1/3ರಲ್ಲಿ 1/4 ಕಳೆದರೆ 1/12, ಅದರಲ್ಲಿ 1/16 ಕಳೆದರೆ 1/48. ಪ್ರತಿಸಲ ಉಳಿಯುವುದು ಈಗ ತಾನೇ ಕಳೆದದ್ದರ ಮೂರನೇ ಒಂದು. ಎರಡನೇ ಬೆಂಚಿನ ಹುಡುಗಿ ಕೇಳಿದ್ದು ಈ ವರಸೆಯ ಪ್ರಶ್ನೆಯೇ. ಸಮ ಚಿಹ್ನೆ ಹಾಕುವ ಹಕ್ಕು ಎಲ್ಲಿಂದ ಬಂತು?

ಇನ್ನು, ಸೊನ್ನೆಯಲ್ಲದ, ಆದರೆ ಯಾವ ಸಾಮಾನ್ಯ ಅಂಕಿಗಿಂತಲೂ ಸಣ್ಣದಾದ ಚೂರುಗಳನ್ನು ಇಟ್ಟುಕೊಂಡೇ ತೀರುತ್ತೇನೆ ಎನ್ನುವವರಿಗೂ ಗಣಿತದಲ್ಲಿ ಜಾಗವಿದೆ. ಅಬ್ರಹಾಂ ರಾಬಿನ್ಸನ್ 1960ರ ದಶಕದಲ್ಲಿ ಅಂಥದ್ದೊಂದು ಲೆಕ್ಕದ ಪುಸ್ತಕವನ್ನೇ ತೆರೆದ. ಅಲ್ಲಿಯೂ ಎಲ್ಲ ಮನೆಗಳಲ್ಲಿ ಒಂಬತ್ತು ತುಂಬಿದರೆ ಒಂದೇ ಬರುತ್ತದೆ. ಎಣಿಕೆಗೆ ಸಿಗದಷ್ಟು ದೂರದ ಒಂದು ಮನೆಯಲ್ಲಿ ನಿಲ್ಲಿಸಿದರೆ ಮಾತ್ರ ಚೂರು ಉಳಿಯುತ್ತದೆ. ತಾತನಿಗೆ ಇದು ಹಿಡಿಸುತ್ತಿತ್ತೇನೋ.

ಈಗ ಒಂಬತ್ತನೇ ತರಗತಿಯ ಎನ್.ಸಿ.ಇ.ಆರ್.ಟಿ. ಪುಸ್ತಕದಲ್ಲಿ ಈ ಲೆಕ್ಕ ಕೊಟ್ಟಿದ್ದಾರೆ, ಉತ್ತರ ನೋಡಿ ನಿಮಗೆ ಆಶ್ಚರ್ಯವಾಯಿತೇ ಎಂದೂ ಕೇಳಿದ್ದಾರೆ. ಒಳ್ಳೆಯದು, ನನ್ನ ಕಾಲದಲ್ಲಿ ಆಶ್ಚರ್ಯಪಡುವುದು ಪಠ್ಯದ ಹೊರಗಿನ ವಿಷಯವಾಗಿತ್ತು. ಹೋದ ವರ್ಷ ಎದುರು ಮನೆಯ ಹುಡುಗ ಆ ಪುಸ್ತಕ ಹಿಡಿದು ಬಂದ. ಮೂರು ಸಾಲಿನ ಪಾರಿವಾಳ ಅವನಿಗಾಗಲೇ ಗೊತ್ತಿತ್ತು. "ಉತ್ತರ ಬಂತು ತಾತ, ಆದ್ರೆ ನಂಬಿಕೆ ಬರ್ತಿಲ್ಲ," ಎಂದ. ನಾನು ಒಳಗೆ ಹೋಗಿ ಅಟ್ಟದಿಂದ ಡಬ್ಬಿ ತಂದೆ.

ಡಬ್ಬಿ ನನ್ನ ಪಾಲಿಗೆ ಬಂದದ್ದು ಹೀಗೆ. 1971ರಲ್ಲಿ, ದೊಡ್ಡ ತಾತ ಹೋದ ಮೇಲೆ, ತೋಟ ಪಾಲಾಯಿತು. ಚೈನು ಹಿಡಿದು ಅಳೆದು, ಮರ ಎಣಿಸಿ, ಬಾವಿಯ ನೀರಿಗೆ ಸರದಿ ಹಾಕಿ, ಎಲ್ಲ ಮುಗಿದ ಮೇಲೆ ಯಾರೋ ಡಬ್ಬಿಯನ್ನು ನೆನಪಿಸಿದರು. ತಾತ ಅದನ್ನು ಪಂಚಾಯ್ತಿದಾರರ ಮುಂದೆ ಚಾಪೆಯ ಮೇಲೆ ಸುರಿದರು. ಹದಿನಾಲ್ಕು ವರ್ಷದ ಉಳಿಕೆ: ಒಂದು ಪೈಸೆ, ಎರಡು ಪೈಸೆ, ಕಿಲುಬು ಹಿಡಿದವು, ಜೇಡರ ಬಲೆ ಕಟ್ಟಿದವು. ಆಗಲೂ ಗುಪ್ಪೆ ಮಾಡಿ ಎಣಿಸಿದವನು ನಾನೇ. ಏಳು ರೂಪಾಯಿ ನಲವತ್ತೆಂಟು ಪೈಸೆ. ಪಾಲಿಗೆ ಎರಡು ರೂಪಾಯಿ ನಲವತ್ತೊಂಬತ್ತು.

ಒಂದು ಪೈಸೆ ಉಳಿಯಿತು.

"ಮತ್ತೆ ಬಂತು ನೋಡಣ್ಣ," ಎಂದು ಚಿಕ್ಕ ತಾತ ನಕ್ಕರು. ತೋಟ ಒಡೆದ ದಿನ ಆ ಜಗಲಿಯಲ್ಲಿ ಕೇಳಿದ ನಗು ಅದೊಂದೇ. ತಾತ ಪೈಸೆಯನ್ನು ಮತ್ತೆ ಕಂಡಿಯೊಳಗೆ ಹಾಕಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಹುಡುಗ ಕತೆ ಕೇಳಿ, ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಒಂದೇ ನಾಣ್ಯ ಟಣ್ ಎಂದಿತು.

"ಇದಕ್ಕೆ ಈಗ ಬೆಲೆ ಎಷ್ಟು ತಾತ?"

2011ರ ಜೂನ್ 30ಕ್ಕೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳನ್ನೆಲ್ಲ ಸರ್ಕಾರ ಚಲಾವಣೆಯಿಂದ ತೆಗೆದುಹಾಕಿದೆ.

"ಸೊನ್ನೆ," ಎಂದೆ.